ಬಲಗಡೆಯ ಕಿಟಕಿ

ನಕಾಶೆಯ ನಾಲ್ಕು ಮೂಲೆಗೂ ಒಂದೊಂದು ಚಹಾ ಲೋಟ ಇಟ್ಟರೂ ನಡುವಿನ ಮಡಿಕೆ ಏಳುತ್ತಲೇ ಇತ್ತು. ಬೆಕಿರ್ ಅಂಗೈಯಿಂದ ಒತ್ತಿದ. ಕೈ ತೆಗೆದೊಡನೆ ಆಸ್ಟ್ರಿಯ ಮತ್ತೆ ಬೆನ್ನೆತ್ತಿತು. ಮೂವತ್ತೊಂದು ಬೇಸಿಗೆ ಈ ಕಾಗದದ ಉದ್ದಕ್ಕೂ ಗಾಡಿ ಓಡಿಸಿದವನು ತಾನು. ಜರ್ಮನಿಯ ಡುಯಿಸ್‌ಬುರ್ಗಿನ ಈ ಮೂರನೆಯ ಮಹಡಿಯಿಂದ ಹೊರಟು ತನ್ನ ದೇಶದ ಅಂಚಿನ ಎದಿರ್ನೆಯ ಗಡಿಬಾಗಿಲಿನವರೆಗೆ, ಅಲ್ಲಿಂದ ಯೋಜ್‌ಗಾತಿನ ತನ್ನ ಹಳ್ಳಿಯವರೆಗೆ ಕಣ್ಣು ಮುಚ್ಚಿಕೊಂಡು ಹೋಗಬಲ್ಲೆ ಎಂದು ಚಹಾದಂಗಡಿಯಲ್ಲಿ ಎಷ್ಟು ಸಲ ಕೊಚ್ಚಿಕೊಂಡಿಲ್ಲ! ಕಣ್ಣು ಮುಚ್ಚಿಕೊಂಡು ಎಂಬ ಮಾತು ಮನಸ್ಸಿಗೆ ಬಂದದ್ದೇ ತಡ, ಅವನು ನಾಲಗೆ ಕಚ್ಚಿಕೊಂಡ. ಅವನ ಬೆನ್ನ ಹಿಂದೆ, ಫ್ರಿಜ್ಜಿನ ಎದುರು, ಹೆಂಡತಿ ಹಾನಿಫೆ ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ನಿಂತಿದ್ದಳು.

ಫ್ರಿಜ್ಜಿನ ಬಾಗಿಲಿಗೆ ಕಣ್ಣಿನ ಡಾಕ್ಟರು ಕೊಟ್ಟ ಚೌಕಳಿ ಕಾಗದ ಅಂಟಿಸಿತ್ತು. ಸಣ್ಣ ಸಣ್ಣ ಚೌಕಗಳು, ನಟ್ಟ ನಡುವೆ ಒಂದು ಕಪ್ಪು ಚುಕ್ಕೆ. ದಿನಾ ಬೆಳಿಗ್ಗೆ ಒಂದೊಂದೇ ಕಣ್ಣಿನಿಂದ ಆ ಚುಕ್ಕೆಯನ್ನು ನೋಡಬೇಕು, ಗೆರೆಗಳು ನೆಟ್ಟಗಿವೆಯೋ ಬಾಗಿವೆಯೋ ಹೇಳಬೇಕು. ಮದುವೆಯಾಗಿ ಇಷ್ಟು ವರ್ಷದಲ್ಲಿ ಹೆಂಡತಿಯ ಬಾಯಿಂದ ಬರುವ ಒಂದು ಮಾತಿಗೆ ತಾನು ಹೀಗೆ ಉಸಿರು ಹಿಡಿದು ಕಾದದ್ದು ಅವನಿಗೆ ನೆನಪಿರಲಿಲ್ಲ.

"ಇವತ್ತು ಹೇಗಿದೆ?"

"ಬಲಗಣ್ಣಲ್ಲಿ ಗೆರೆಗಳು ಹೊಟ್ಟೆ ಮುಂದೆ ಮಾಡ್ಕೊಂಡು ನಿಂತಿವೆ, ನಿಮ್ಮ ಥರ." ಕೈ ಬದಲಿಸಿದಳು. "ಎಡಗಣ್ಣಲ್ಲಿ ಚುಕ್ಕೆ ಇಲ್ಲ. ನಿನ್ನೆ ಇತ್ತು."

ಅಷ್ಟು ಹೇಳಿ, ಉಪ್ಪಿನ ಡಬ್ಬಿ ಖಾಲಿಯಾಗಿದೆ ಎನ್ನುವ ಧಾಟಿಯಲ್ಲೇ, ಅವಳು ಒಲೆಯ ಕಡೆ ತಿರುಗಿದಳು. ಏಪ್ರಿಲ್‌ನಲ್ಲಿ ಡಾಕ್ಟರು, ಮಕ್ಕಳಿಗೆ ಹೇಳುವಂತೆ ಬಿಡಿಸಿ ಬಿಡಿಸಿ ಜರ್ಮನ್ ಮಾತಾಡುತ್ತ, ಹೋಗುವುದು ದೃಷ್ಟಿಯ ನಡುಭಾಗ ಎಂದಿದ್ದರು. ಮುಖ ನೋಡಿದರೆ ಮುಖ ಕಾಣಿಸದು, ಕಿವಿ ಕಾಣಿಸೀತು, ಕೂದಲು ಕಾಣಿಸೀತು, ಹಿಂದಿನ ಗೋಡೆ ಕಾಣಿಸೀತು. ಇಂಜೆಕ್ಷನ್ ಕೊಡುತ್ತೇವೆ, ನಿಧಾನ ಮಾಡಬಹುದು. ಮುಂದಿನ ಬೇಸಿಗೆಯ ಬಗ್ಗೆ ನಾನೇನೂ ಮಾತು ಕೊಡಲಾರೆ. ಬೆಕಿರ್ ಅರ್ಥವಾದವನಂತೆ ತಲೆಯಾಡಿಸಿದ್ದ. ಹೊರಗೆ ಬಂದು ಕಾರಿನ ಬಾಗಿಲು ತೆಗೆಯುವಾಗ, ಯಾರೋ ಒಳಗಿನಿಂದ ನೂಕಿದಂತೆ ಮಾತು ಬಂದಿತ್ತು: "ಈ ಸಲ ಕಾರಲ್ಲೇ ಊರಿಗೆ ಹೋಗೋಣ. ನಿಂತು ನಿಂತು ಹೋಗೋಣ. ಹತ್ತು ದಿನ ಆಗ್ಲಿ, ಹದಿನೈದು ದಿನ ಆಗ್ಲಿ. ಯುರೋಪನ್ನೆಲ್ಲ ತೋರಿಸ್ತೀನಿ ನಿಂಗೆ." ಹಾನಿಫೆ ಸೀಟುಪಟ್ಟಿ ಬಿಗಿದುಕೊಂಡು, "ವಿಮಾನದಲ್ಲಿ ಹೋಗೋಣ," ಎಂದಿದ್ದಳು. ಸೊಂಟದ ಆಪರೇಷನ್ ಆದಮೇಲೆ ಅವರು ವಿಮಾನದಲ್ಲೇ ಹೋಗುತ್ತಿದ್ದದ್ದು ನಿಜ. ಆದರೆ ಅದನ್ನು ಅವಳು ಹೇಳಿದ ರೀತಿ! ಬಾಗಿಲು ಹಾಕಿದ ಹಾಗೆ. ಆಮೇಲೆ ಆ ಮಾತು ಎತ್ತಿದಾಗಲೆಲ್ಲ ಅದೇ ಎರಡು ಪದ, ಮೂರನೆಯದಿಲ್ಲ.

ಇವತ್ತು ಕೊನೆಯ ದಿನ. ಬೆಳಿಗ್ಗೆ ಮಗಳು ಆಯ್ತೆನ್ ಫೋನು ಮಾಡಿದ್ದಳು. "ಅಪ್ಪ, ಮಧ್ಯಾಹ್ನ ಅಮ್ಮನ್ನ ಇಂಜೆಕ್ಷನ್‌ಗೆ ಕರ್ಕೊಂಡು ಹೋಗೋಕೆ ಬರ್ತೀನಿ. ಕಾರೋ ವಿಮಾನವೋ ಅಷ್ಟೊತ್ತಿಗೆ ಹೇಳ್ಬಿಡಿ. ಸಂಜೆ ಆಫೀಸಲ್ಲಿ ರಜಾ ಪಟ್ಟಿ ಮುಚ್ತಾರೆ. ಕಾರಾದ್ರೆ ಓಡಿಸೋಕೆ ನಾನು ಬರ್ಲೇಬೇಕು."

"ನೀನ್ಯಾಕೆ? ನಾನು ಸತ್ತಿದೀನಾ?"

"ಅರವತ್ತೆಂಟಾಯ್ತು ನಿಂಗೆ. ಸೊಂಟದಲ್ಲಿ ಎರಡು ಮೊಳೆ ಇದೆ. ನಿನ್ನ ನಕಾಶೆಲಿ ಯುಗೊಸ್ಲಾವಿಯ ಇದೆ ಅಪ್ಪ, ಆ ದೇಶವೇ ಇಲ್ಲ ಈಗ!"

"ದೇಶ ಇಲ್ದಿದ್ರೇನು, ರಸ್ತೆ ಇದೆ," ಎಂದು ಅವನು ಫೋನು ಇಟ್ಟಿದ್ದ. ಮಾತು ಚೆನ್ನಾಗಿ ಬಂತೆಂದು ಆಗ ಹಿಗ್ಗಿದ್ದ. ಈಗ ನಕಾಶೆಯ ಮೇಲೆ ಬಾಗಿ ಕೂತು ನೋಡಿದರೆ ರಸ್ತೆ ಬಿಟ್ಟು ಬೇರೇನೂ ಇರಲಿಲ್ಲ.

ಆಯ್ತೆನ್ ದಾರಿಯುದ್ದಕ್ಕೂ ನೋಡಲೇಬೇಕಾದ ಜಾಗಗಳ ಪಟ್ಟಿ ಮುದ್ರಿಸಿ ಕೊಟ್ಟಿದ್ದಳು. ಬೆಟ್ಟದ ಮೇಲಿನ ಕೋಟೆ, ಸುಣ್ಣಕಲ್ಲಿನ ಗವಿ, ಎರಡು ನದಿ ಕೂಡುವ ಜಾಗ, ಒಂದು ಹಳೆಯ ಇಗರ್ಜಿ. ಬೆಕಿರ್ ಕೆಂಪು ಪೆನ್ಸಿಲ್ಲಿನಿಂದ ಒಂದೊಂದನ್ನೇ ನಕಾಶೆಗೆ ಇಳಿಸುತ್ತಿದ್ದ. ಆದರೆ ಸಾಲ್ಸ್‌ಬುರ್ಗ್ ಎಂಬ ಹೆಸರಿನ ಮೇಲೆ ಸುತ್ತು ಹಾಕುವಾಗ ಕಣ್ಣ ಮುಂದೆ ಬಂದದ್ದು ಕೋಟೆಯಲ್ಲ, ಊರಾಚೆಯ ಪೆಟ್ರೋಲ್ ಬಂಕು. ಅಲ್ಲಿ ಕಕ್ಕಸು ಹಿಂದುಗಡೆ, ಬೀಗದ ಕೈಗೆ ಒಂದು ಮರದ ತುಂಡು ಕಟ್ಟಿರುತ್ತಾರೆ. ಜಾಗ್ರೆಬ್ ಎಂದರೆ ಟೋಲ್ ಗೇಟಿನ ಎಡದ ಸಾಲು, ಬೇಗ ಕರಗುವುದು ಅದೇ. ನಿಶ್ ಎಂದರೆ ಟೈರಿಗೆ ಗಾಳಿ. ಬಲ್ಗೇರಿಯದ ಗಡಿ ಎಂದರೆ ಪಾಸ್‌ಪೋರ್ಟಿನ ಕೆಳಗಿಟ್ಟು ಕೊಡಬೇಕಾದ ಸಿಗರೇಟು ಪ್ಯಾಕು. ಇಡೀ ಒಂದು ಖಂಡದ ಬಗ್ಗೆ ತನಗೆ ಗೊತ್ತಿರುವುದು ಇಷ್ಟೇನೇ? ಮೂವತ್ತೊಂದು ಸಲ ಹೋಗಿ ಮೂವತ್ತೊಂದು ಸಲ ಬಂದವನಿಗೆ ಒಂದು ಬೆಟ್ಟದ ಹೆಸರು ಗೊತ್ತಿಲ್ಲ. ಹೆಸರು ಹಾಳಾಗಲಿ, ಬೆಟ್ಟ ರಸ್ತೆಯ ಯಾವ ಕಡೆ ಇತ್ತು ಎಂಬುದೂ ಗೊತ್ತಿಲ್ಲ. ಅವನಿಗೆ ನೆನಪಿರುವುದೆಲ್ಲ ಮುಂದಿನ ಗಾಡಿಯ ಹಿಂಭಾಗ, ಅದರ ತಲೆಯ ಮೇಲೆ ಹಗ್ಗ ಬಿಗಿದ ಸೂಟ್‌ಕೇಸು, ಹಾಸಿಗೆ, ಅಡಿಮೇಲಾದ ಮೂರು ಗಾಲಿಯ ಸೈಕಲ್ಲು.

ನಿನ್ನೆ ಚಹಾದಂಗಡಿಯಲ್ಲಿ ಬಾಯಿ ಬಿಟ್ಟದ್ದೇ ತಪ್ಪಾಯಿತು. ಇಸ್ಪೀಟೆಲೆ ಕಲೆಸುತ್ತಿದ್ದ ಯಾಶಾರ್ ಕೈ ನಿಲ್ಲಿಸಿ, "ಕೇಳಿದ್ರೇನ್ರೋ? ಬೆಕಿರಣ್ಣ ನಿಂತು ನಿಂತು ಹೋಗ್ತಾನಂತೆ! ನಲವತ್ಮೂರು ಗಂಟೆ ಬೆಕಿರ್! ಉಚ್ಚೆಗೂ ಗಾಡಿ ನಿಲ್ಸದೇ ಇದ್ದೋನು ಈಗ ಹೂವು ನೋಡ್ಕೊಂಡು ಹೋಗ್ತಾನಂತೆ!" ಎಂದಿದ್ದ. ಎಲ್ಲರೂ ನಕ್ಕರು. ಬೆಕಿರನೂ ನಕ್ಕ, ಎಲ್ಲರಿಗಿಂತ ಜೋರಾಗಿ. ಡುಯಿಸ್‌ಬುರ್ಗಿನಿಂದ ಎದಿರ್ನೆಗೆ ನಲವತ್ತಮೂರು ಗಂಟೆ. ಎಂಬತ್ತೆರಡನೆಯ ಇಸವಿಯ ಆ ದಾಖಲೆಯನ್ನು ಈ ಬೀದಿಯಲ್ಲಿ ಯಾರೂ ಮುರಿದಿರಲಿಲ್ಲ. ಕುತ್ತಿಗೆಗೆ ಒದ್ದೆ ಟವೆಲು, ಕಾಲ ಬಳಿ ಖಾಲಿ ಬಾಟಲಿ, ನಿದ್ದೆ ಬಾರದಿರಲೆಂದು ಪಕ್ಕದ ಸೀಟಿನಿಂದ ಹಾನಿಫೆ ಸುಲಿದು ಸುಲಿದು ಅಂಗೈಗೆ ಹಾಕುವ ಸೂರ್ಯಕಾಂತಿ ಬೀಜ. ಊರಿಗೆ ತಲುಪಿದ ಮೊದಲ ಸಂಜೆ ಗಂಡಸರು ಒಬ್ಬರನ್ನೊಬ್ಬರು ಕೇಳುತ್ತಿದ್ದದ್ದು ಒಂದೇ: ಎಷ್ಟು ಗಂಟೆ? ಏನು ಕಂಡೆ ಎಂದು ಕೇಳಿದವರಿಲ್ಲ. ಯುರೋಪು ಎನ್ನುವುದು ಮನೆಗೂ ಮನೆಗೂ ನಡುವೆ ಬಿದ್ದ ಒಂದು ತಡೆ, ದಾಟಿದರೆ ಮುಗಿಯಿತು.

ಇಷ್ಟೇ ಆಗಿದ್ದರೆ ಅವನು ಇವತ್ತು ಹೀಗೆ ಕೂತು ಪೆನ್ಸಿಲು ಕಚ್ಚುತ್ತಿರಲಿಲ್ಲ. ವಿಲ್ಲಾಖ್ ಎಂಬ ಹೆಸರಿನ ಹತ್ತಿರ ಬಂದಾಗ ಪೆನ್ಸಿಲು ತಾನಾಗಿ ಅದನ್ನು ಬಳಸಿಕೊಂಡು ಮುಂದೆ ಹೋಯಿತು. ಅಲ್ಲಿಗೆ ಸ್ವಲ್ಪ ಮೊದಲು, ರಸ್ತೆಯ ಪಕ್ಕ, ಒಂದು ಬಂಕು. ಎಪ್ಪತ್ತೆಂಟನೆಯ ಇಸವಿ ಜುಲೈ. ಆಯ್ತೆನ್‌ಗೆ ಮೂರು ವರ್ಷ. ಆಗ ಅವನು ದಾರಿಯಲ್ಲಿ ಇನ್ನೂ ಗಾಡಿ ನಿಲ್ಲಿಸುತ್ತಿದ್ದ. ಅವನು ಪೆಟ್ರೋಲು ತುಂಬಿಸಿದ ಮೇಲೆ, ಪಕ್ಕದ ಹುಲ್ಲಿನ ಮೇಲೆ ಹಾನಿಫೆ ಬಟ್ಟೆ ಹಾಸಿ ಬೆಳಗಿನ ತಿಂಡಿ ಹರವಿದ್ದಳು: ಆಲಿವ್, ಚೀಸು, ಬೇಯಿಸಿದ ಮೊಟ್ಟೆ, ಸಣ್ಣ ಸ್ಟೌವಿನ ಮೇಲೆ ಚಹಾ. ಬಂಕಿನ ಯಜಮಾನ ಬಂದ. ಕೂಗಲಿಲ್ಲ, ಬೈಯಲಿಲ್ಲ. ಎರಡು ಬೆರಳು ಆಡಿಸಿ ಕೋಳಿಗಳನ್ನು ಎಬ್ಬಿಸುವಂತೆ ಎಬ್ಬಿಸಿದ. ಪೆಟ್ರೋಲು ಇಲ್ಲೇ ಹಾಕಿಸಿದೆ ಎಂದು ಹೇಳಲು ಬೆಕಿರ್ ಬಾಯಿ ತೆರೆದ. ಕಾರ್ಖಾನೆಯಲ್ಲಿ ಕಲಿತ ಜರ್ಮನ್‌ನಲ್ಲಿ ಅದಕ್ಕೆ ಮಾತಿರಲಿಲ್ಲ, ಅಲ್ಲಿ ಕಲಿಯುವುದು ಎತ್ತು, ಇಡು, ಹುಷಾರು ಅಷ್ಟೇ. ಅರ್ಧ ಕುಡಿದ ಲೋಟಗಳನ್ನು ಚೆಲ್ಲಿ, ಬಟ್ಟೆಯ ಕೊನೆಯ ಮೂಲೆ ಎತ್ತುವುದರೊಳಗೆ ಆ ಮನುಷ್ಯ ನೀರಿನ ಪೈಪು ತಂದು ಅವರು ಕೂತಿದ್ದ ಜಾಗವನ್ನು ತೊಳೆಯತೊಡಗಿದ. ಬೆಕಿರ್ ಹೋಗಿ ಸ್ಟೀರಿಂಗ್ ಹಿಡಿದು ಕೂತ, ನೆಟ್ಟಗೆ ಮುಂದೆ ನೋಡುತ್ತ. ಹಿಂದಿನಿಂದ ಮಗು ಕೇಳಿತು: "ಅಪ್ಪ, ಆ ಮಾಮ ಯಾಕೆ ಹುಲ್ಲು ತೊಳೀತಿದಾನೆ?" "ಗಿಡಕ್ಕೆ ನೀರು ಹಾಕ್ತಿದಾನಮ್ಮ," ಎಂದ. ಆ ದಿನದಿಂದ ಅವನ ಕುತ್ತಿಗೆ ಸ್ಟೀರಿಂಗಿನ ಹಿಂದೆ ಎಡಕ್ಕೂ ತಿರುಗಲಿಲ್ಲ, ಬಲಕ್ಕೂ ತಿರುಗಲಿಲ್ಲ.

ಮರುವರ್ಷ, ಅದೇ ದಾರಿಯಲ್ಲಿ ಇನ್ನೊಂದಿಷ್ಟು ದೂರ, ಬೆಳಕು ಹರಿಯುವ ಹೊತ್ತಿಗೆ ಬಲಗಡೆ ಒಂದು ದೊಡ್ಡ ಕೆರೆ ಬಂತು. ಬಂತು ಎಂದು ಅವನಿಗೆ ಗೊತ್ತಾದದ್ದು ಹಾನಿಫೆಯ ದನಿಯಿಂದ. "ಆಯ್ತೆನ್ ಅಪ್ಪ, ಒಂದು ನಿಮಿಷ ನಿಲ್ಲಿಸ್ತೀರಾ? ನೀರಲ್ಲಿ ಕಾಲು ಇಳಿಬಿಟ್ಟು ಬಂದ್ಬಿಡ್ತೀನಿ." ಇಪ್ಪತ್ತೈದರ ಹೆಣ್ಣು, ದನಿಯಲ್ಲಿ ಮಗುವಿನ ಆಸೆ. ಅವನು ಹೇಳಿದ್ದು ಇವತ್ತಿಗೂ ಅಕ್ಷರ ತಪ್ಪದೆ ನೆನಪಿದೆ: "ಹುಟ್ಟಿದಾಗಿಂದ ನೀರು ಕಂಡಿಲ್ವೇನೇ? ಕಂಡಕಂಡಲ್ಲಿ ನಿಲ್ಸೋಕೆ ಇದೇನು ನಿಮ್ಮಪ್ಪನ ಊರಾ?" ಸ್ವಲ್ಪ ಹೊತ್ತಾದ ಮೇಲೆ ಬೀಜ ಸುಲಿಯುವ ಸದ್ದು ಮತ್ತೆ ಕೇಳಿಸಿತು. ಆಮೇಲಿನ ಅಷ್ಟೂ ವರ್ಷಗಳಲ್ಲಿ ಅವಳು ನಿಲ್ಲಿಸಿ ಎಂದು ಒಂದೇ ಒಂದು ಸಲವೂ ಕೇಳಲಿಲ್ಲ. ಮರೆತಿದ್ದಾಳೆ ಎಂದು ಅವನು ಅಂದುಕೊಂಡಿದ್ದ. ಹಾಗೆ ಅಂದುಕೊಂಡರೆ ಓಡಿಸುವುದು ಸುಲಭವಾಗಿತ್ತು.

"ಏನೇನು ಬರ್ಕೊಂಡಿದೀರಿ, ಓದಿ ನೋಡೋಣ." ಹಾನಿಫೆ ಚಹಾ ತಂದಳು. ಇಡಲು ಜಾಗವಿರಲಿಲ್ಲ. ಮೂಲೆಯ ಒಂದು ಲೋಟ ತೆಗೆದು ಇದನ್ನಿಟ್ಟಳು. ಎದುರಿಗೆ ಕೂತು ಮುಖವನ್ನು ಸ್ವಲ್ಪ ಪಕ್ಕಕ್ಕೆ ತಿರುಗಿಸಿ ಅವನನ್ನು ನೋಡಿದಳು; ಹಾಗೆ ನೋಡಿದರೆ ಮುಖ ಸಿಗುತ್ತದೆ ಎಂದು ಈಚೆಗೆ ಕಂಡುಕೊಂಡಿದ್ದಳು. ಬೆಕಿರ್ ಪರೀಕ್ಷೆಗೆ ಕೂತವನಂತೆ ಓದಿದ. ಕೋಟೆ. ಗವಿ. ಇಗರ್ಜಿ.

"ಆ ಕೋಟೆ ಹೋಗುವಾಗ ಎಡಗಡೆ, ನಿಮ್ಮ ಕಡೆ ಬರುತ್ತೆ," ಎಂದಳು ಹಾನಿಫೆ. "ನಂಗೆ ಸಿಗೋದು ಬರುವಾಗ. ಅಷ್ಟೊತ್ತಿಗೆ ಆಗಸ್ಟ್ ಮುಗಿದಿರುತ್ತೆ, ಮೋಡ ಇಳಿದಿರುತ್ತೆ. ಕೆಳಗೆ ಬೆಟ್ಟ ಇರಲ್ಲ, ಗೋಡೆ ಇರಲ್ಲ, ಮೇಲೆ ಬರೀ ಒಂದು ಗೋಪುರ ಇರುತ್ತೆ."

ಬೆಕಿರ್ ತಲೆಯೆತ್ತಿದ.

"ಅದಾದ ಮೇಲೆ ಉದ್ದದ ಸುರಂಗ ಬರುತ್ತಲ್ಲ. ಈ ಕಡೆ ಮಳೆ ಇದ್ರೆ ಆ ಕಡೆ ಬಿಸಿಲು. ಹತ್ತೊಂಬತ್ತು ಸಲ ಹಾಗೇ ಆಗಿದೆ, ಎಣಿಸಿದೀನಿ. ಒಳಗೆ ಹೋಗುವಾಗ ಗಾಜಿನ ಮೇಲೆ ಹನಿ ಇರ್ತಿತ್ತು, ಹೊರಗೆ ಬಂದ ತಕ್ಷಣ ಒಂದೊಂದು ಹನೀಲೂ ಒಂದೊಂದು ಸೂರ್ಯ. ನೀವು ಆಗ ವೈಪರ್ ಹಾಕ್ಬಿಡ್ತಿದ್ರಿ."

ಅವಳ ಬೆರಳು ನಕಾಶೆಯ ಮೇಲೆ ಹೊರಟಿತು. ಹೆಸರುಗಳು ಅವಳಿಗೆ ಕಾಣುತ್ತಿರಲಿಲ್ಲ, ಬೆರಳು ಎಷ್ಟೋ ಸಲ ರಸ್ತೆ ಬಿಟ್ಟು ಸಮುದ್ರಕ್ಕೆ ಇಳಿಯುತ್ತಿತ್ತು. ಆದರೆ ಬಾಯಿ ಒಂದು ಕಡೆಯೂ ದಾರಿ ತಪ್ಪಲಿಲ್ಲ. ಕಡಿದಾದ ಆ ಘಟ್ಟ ಇಳಿದ ಮೇಲೆ ಮೊದಲ ಹಳ್ಳಿ, ಬಲಗಡೆ ನೀಲಿ ಬಾಗಿಲಿನ ಮನೆ. ಬಾಗಿಲ ಮುಂದೆ ಒಬ್ಬ ಹೆಂಗಸು ಬೀನ್ಸ್ ಬಿಡಿಸುತ್ತ ಕೂತಿರುತ್ತಾಳೆ. ಮೊದಲ ವರ್ಷ ಅವಳ ಕೂದಲು ಕಪ್ಪಗಿತ್ತು. ಆಮೇಲೆ ಪಕ್ಕದಲ್ಲಿ ಒಂದು ಊರುಗೋಲು ಬಂತು. ಆಮೇಲೆ ಒಂದು ಮಗು ಬಂತು, ಆ ಮಗು ದೊಡ್ಡದಾಗಿ ಇವರ ಗಾಡಿಗೆ ಕೈ ಬೀಸಿತು. ಒಂದು ವರ್ಷ ಬಾಗಿಲಿಗೆ ಹಸಿರು ಬಣ್ಣ ಬಳಿದಿತ್ತು, ಕುರ್ಚಿ ಇತ್ತು, ಹೆಂಗಸಿರಲಿಲ್ಲ. "ಅವತ್ತು ಜಾಗ್ರೆಬ್‌ವರೆಗೂ ಅತ್ತೆ ನಾನು. ನಿಮ್ಮ ಕೈಗೆ ಬೀಜ ಹಾಕ್ತಾನೇ ಇದ್ದೆ, ಉಪ್ಪಾಗಿದೆ ಅಂದ್ರಿ."

ಸಾವಾ ನದಿ ದೊಡ್ಡ ನದಿಗೆ ಸೇರುವಲ್ಲಿ ಎರಡು ಬಣ್ಣದ ನೀರು ಸ್ವಲ್ಪ ದೂರ ಒಂದನ್ನೊಂದು ಮುಟ್ಟದೆ ಅಕ್ಕಪಕ್ಕ ಹರಿಯುತ್ತದೆ ಎಂದಳು. ಯುದ್ಧ ಮುಗಿದು ಮತ್ತೆ ಆ ದಾರಿ ತೆರೆದ ವರ್ಷ ಸೂರು ಹಾರಿದ ಮನೆಗಳ ಸಾಲೇ ಸಾಲು. ಒಂದು ಮನೆಯ ಅಡುಗೆಮನೆಯೊಳಗಿಂದ ಮರ ಎದ್ದಿತ್ತು, ಗೋಡೆಯ ಮೇಲೆ ತಟ್ಟೆಗಳ ಗೂಡು ಹಾಗೇ ಇತ್ತು ಎಂದಳು. ಬೆಲ್‌ಗ್ರೇಡಿನ ಈಚೆಯ ಬಯಲಲ್ಲಿ ಮೈಲಿಗಟ್ಟಲೆ ಸೂರ್ಯಕಾಂತಿ: "ಊರಿಗೆ ಹೋಗುವಾಗ ಅವು ನಮಗೆ ಬೆನ್ನು ಹಾಕಿರ್ತವೆ. ಜರ್ಮನಿಗೆ ವಾಪಸ್ ಬರುವಾಗ ಅಷ್ಟೂ ಮುಖ ನಮ್ಮ ಕಡೆ, ತಲೆ ತಗ್ಗಿಸ್ಕೊಂಡು. ಪ್ರತಿ ವರ್ಷ ನಂಗನ್ಸೋದು, ನಾವು ಊರು ಬಿಟ್ಟು ಬರ್ತಿದೀವಿ ಅಂತ ಇವಕ್ಕೆ ಯಾರು ಹೇಳಿದ್ರು?"

ಬೆಕಿರ್ ಬರೆಯುವುದನ್ನು ಎಂದೋ ನಿಲ್ಲಿಸಿದ್ದ. ಚಹಾ ಆರಿತು. ಮೊದಲು ಅವನಿಗೆ ಬಂದದ್ದು ಅಸೂಯೆ; ಅದೇ ಗಾಡಿ, ಅದೇ ರಸ್ತೆ, ಅದೇ ಗಂಟೆಗಳು, ಒಂದು ಮೊಳ ದೂರದಲ್ಲಿ ಕೂತವಳು ತನಗೆ ಗೊತ್ತಾಗದಂತೆ ಇಷ್ಟನ್ನೆಲ್ಲ ಬಾಚಿಕೊಂಡಿದ್ದಾಳಲ್ಲ. ಆಮೇಲೆ ಅಸೂಯೆ ಎಲ್ಲಿ ಹೋಯಿತೋ ತಿಳಿಯಲಿಲ್ಲ. ಅಡುಗೆಮನೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತ, ಮಂಡಿನೋವಿನ, ತಲೆವಸ್ತ್ರ ಜಾರಿದ ಈ ಹೆಂಗಸು ಅವನಿಗೆ ದೊಡ್ಡದಾಗಿ ಕಂಡಳು. ಬೆಟ್ಟ, ನದಿ, ಯುದ್ಧ, ಸತ್ತ ಪರವೂರಿನ ಹೆಂಗಸು, ಎಲ್ಲ ಅವಳೊಳಗೆ ತಮ್ಮ ತಮ್ಮ ಜಾಗದಲ್ಲಿ ಇದ್ದವು. ಇವಳಿಗೆ ತಾನು ಯುರೋಪು ತೋರಿಸಲು ಹೊರಟಿದ್ದ! ಅವನಿಗೆ ಎದ್ದು ನಿಲ್ಲಬೇಕು ಅನ್ನಿಸಿತು, ದೊಡ್ಡವರು ಕೋಣೆಗೆ ಬಂದಾಗ ಎದ್ದು ನಿಲ್ಲುವ ಹಾಗೆ. ಸೊಂಟ ಬಿಡಲಿಲ್ಲ, ಕೂತೇ ಇದ್ದ.

"ಇದನ್ನೆಲ್ಲ ನಂಗ್ಯಾಕೆ ಹೇಳಲಿಲ್ಲ ನೀನು?"

"ಹೇಳಿದ್ರೆ ನೀವು ತಿರುಗಿ ನೋಡ್ತಿದ್ರಿ," ಎಂದಳು ಹಾನಿಫೆ. "ಎಷ್ಟು ಗಾಡಿ ಕೆಳಗೆ ಉರುಳಿ ಬಿದ್ದಿರ್ತಿದ್ವು, ನೆನಪಿಲ್ವಾ? ನಮ್ಮ ಮೂರು ಜನದ ಜೀವ ನಿಮ್ಮ ಕಣ್ಣಲ್ಲಿತ್ತು. ಅದಕ್ಕೇ ನೀವು ಮುಂದೆ ನೋಡಿ, ಪಕ್ಕದ್ದನ್ನ ನಾನು ನೋಡ್ತೀನಿ ಅಂದ್ಕೊಂಡೆ." ಅವಳು ನಕಾಶೆಯ ಮೇಲೆ ಅಂಗೈ ಸವರಿದಳು. "ಪಟ್ಟೀಲಿ ಒಂದು ಬಿಟ್ಟಿದೀರಿ."

ಯಾವುದು ಎಂದು ಅವನು ಕೇಳಲಿಲ್ಲ. ಕೇಳದೇ ಇದ್ದುದರಿಂದಲೇ ಇಬ್ಬರಿಗೂ ಗೊತ್ತಾಯಿತು. ಅವನ ಬಾಯಿಂದ ಹೊರಬಿದ್ದದ್ದು ಮಾತ್ರ ಕೆರೆಯಲ್ಲ, ಅದರ ಹಿಂದಿನ ವರ್ಷದ ಬಂಕು. ನಲವತ್ತು ವರ್ಷ ಯಾರಿಗೂ ಹೇಳದ್ದನ್ನು, ಎದುರಿಗೆ ಕೂತಿದ್ದವಳಿಗೇ, ಅವಳು ಅಲ್ಲಿರಲೇ ಇಲ್ಲವೆಂಬಂತೆ ಹೇಳಿದ. ಎರಡು ಬೆರಳು. ಪೈಪು. ಮಗುವಿಗೆ ಹೇಳಿದ ಸುಳ್ಳು. "ಅವತ್ತಿಂದ ನಿಲ್ಸೋಕೆ ಹೆದರಿಕೆ ಕಣೇ ನಂಗೆ. ನಿನ್ನ ಮುಂದೆ ಇನ್ನೊಂದು ಸಲ ಹಾಗಾದ್ರೆ ಅಂತ. ನಲವತ್ಮೂರು ಗಂಟೆ ಗಿಂಟೆ ಎಲ್ಲ ಆಮೇಲೆ ಕಟ್ಟಿದ್ದು."

ಹಾನಿಫೆ ಜಾರಿದ ತಲೆವಸ್ತ್ರ ಸರಿಮಾಡಿಕೊಂಡಳು. ಆಮೇಲೆ, "ಏಪ್ರಿಕಾಟ್ ನೆನಪಿದೆಯಾ?" ಎಂದಳು.

"ಯಾವ ಏಪ್ರಿಕಾಟ್?"

"ಅವತ್ತು ದಾರೀಲಿ ತಿಂದ್ರಲ್ಲ. ಘಟ್ಟ ಹತ್ತಿ ಇಳಿಯೋವರೆಗೂ ತಿಂತಾನೇ ಇದ್ರಿ. ಎಲ್ಲಿ ತಗೊಂಡೆ, ಚೆನ್ನಾಗಿದೆ, ಅಂತ ಬೇರೆ ಅಂದ್ರಿ. ಸಂತೇಲಿ ಅಂದೆ."

ಅವನಿಗೆ ನೆನಪಾಯಿತು. ಬಿಸಿಲಿಗೆ ಬೆಚ್ಚಗಾಗಿದ್ದ ಹಣ್ಣು. ಬಾಯಿ ಕಹಿಯಾಗಿದ್ದ ಆ ದಿನ ನಾಲಗೆಗೆ ಹಿತವಾಗಿದ್ದದ್ದು ಅದೊಂದೇ.

"ಸಂತೇದಲ್ಲ ಅದು. ಆ ಮನುಷ್ಯ ನೀರು ಬಿಡ್ತಿದ್ದಾಗ ಬಂಕಿನ ಹಿಂದೆ ಮನೆ ಕಿಟಕೀಲಿ ಒಬ್ಬಳು ನಿಂತಿದ್ಲು, ಅವನ ಹೆಂಡತಿ ಇರ್ಬೇಕು. ಬಾಯಿ ಮೇಲೆ ಕೈ ಇಟ್ಕೊಂಡಿದ್ಲು. ನೀವು ಸ್ಟೀರಿಂಗ್ ಹಿಡ್ಕೊಂಡು ಮುಂದೆ ನೋಡ್ತಾ ಕೂತಿದ್ರಿ. ಅವಳು ಹಿಂದಿನ ಬಾಗಿಲಿಂದ ಓಡಿ ಬಂದು, ನನ್ನ ಕಿಟಕೀಲಿ ಕೈ ಹಾಕಿ, ಏಪ್ರನ್‌ನಲ್ಲಿ ಇದ್ದಷ್ಟೂ ಹಣ್ಣು ನನ್ನ ಮಡಿಲಿಗೆ ಸುರಿದ್ಲು. ಏನೋ ಅಂದ್ಲು, ನಂಗೆ ಭಾಷೆ ಬರ್ತಿರ್ಲಿಲ್ಲ. ಅಳ್ತಿದ್ಲು. ಅಷ್ಟೊತ್ತಿಗೆ ನೀವು ಗಾಡಿ ಎಬ್ಬಿಸಿದ್ರಿ."

ಬೆಕಿರ್ ಮೇಜಿನ ಅಂಚು ಹಿಡಿದುಕೊಂಡ. ನಲವತ್ತು ವರ್ಷ ಅವನು ಆ ಜಾಗದಿಂದ ಹೊತ್ತು ತಂದದ್ದು ಪೈಪಿನ ಸದ್ದನ್ನು. ಅದೇ ಜಾಗದ ಹಣ್ಣು ಅವನ ಹೊಟ್ಟೆಯಲ್ಲೇ ಇತ್ತು, ಅವನಿಗೇ ತಿಳಿಯದೆ. ಎಡಗಡೆ ಸ್ಟೀರಿಂಗ್ ಹಿಡಿದು ಕೂತವನಿಗೆ ಸಿಕ್ಕದ್ದು ಒಂದು ದೇಶ, ಬಲಗಡೆ ಕೂತವಳಿಗೆ ಸಿಕ್ಕದ್ದು ಇನ್ನೊಂದು. ನಡುವೆ ಇದ್ದದ್ದು ಗೇರು ಕೋಲು. ಅವನ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ. ಅವಳಿಗೆ ಎಷ್ಟು ಕಾಣುತ್ತದೋ ಅಷ್ಟು ಕಾಣಲಿ ಎಂದುಕೊಂಡ.

"ಕೆರೆ ಹತ್ರ ಅಂದದ್ದು..." ಎಂದ.

"ಮರೆತಿಲ್ಲ," ಎಂದಳು ಹಾನಿಫೆ. ದನಿ ಗಟ್ಟಿಯಾಗಿರಲಿಲ್ಲ, ಮೆತ್ತಗೂ ಆಗಿರಲಿಲ್ಲ. "ಅದಕ್ಕೇ ವಿಮಾನ ಅಂದೆ. ವಿಮಾನದಲ್ಲಾದ್ರೆ ಯಾರೂ ನಿಲ್ಲಿಸಿ ಅಂತ ಕೇಳಲ್ಲ. ಇನ್ನೊಂದು ಸಲ ಆಸೆಪಟ್ಟು ಕೇಳೋದು, ನೀವು ಗಡಿಯಾರ ನೋಡೋದು, ಈ ವಯಸ್ಸಲ್ಲಿ ನಂಗೆ ಬೇಡ."

"ಈ ಸಲ ನೀನು ಕೇಳೋದೇ ಬೇಡ. ನಾನೇ ಎಲ್ಲ ಕಡೆ ನಿಲ್ಲಿಸ್ತೀನಿ. ನಿಂಗೆ ತೋರಿಸ್ಬೇಕು ಅಂತ..."

"ನಂಗೇನು ತೋರಿಸ್ತೀರಿ? ನಟ್ಟ ನಡುವಿಂದು ಹೋಗುತ್ತೆ, ಪಕ್ಕದ್ದು ಉಳಿಯುತ್ತೆ ಅಂದ್ರಲ್ಲ ಡಾಕ್ಟರು. ನಾನು ಜೀವಮಾನ ಪೂರ್ತಿ ನೋಡಿದ್ದು ಪಕ್ಕದ್ದನ್ನೇ." ಅವಳು ಎದ್ದು ಲೋಟಗಳನ್ನು ಒಂದೊಂದಾಗಿ ತೆಗೆದಳು. ನಕಾಶೆ ಸುರುಳಿ ಸುತ್ತಿಕೊಂಡಿತು. "ನೋಡ್ಬೇಕಾಗಿರೋದು ನೀವು. ನೋಡೋಕೆ ಬರುತ್ತಾ ನಿಮ್ಗೆ ಅಂತ ನಂಗೆ ಗೊತ್ತಿಲ್ಲ."

ಆಯ್ತೆನ್ ಬಂದಾಗ ಎರಡೂ ಕಾಲು ಗಂಟೆ. ಮೆಟ್ಟಿಲು ಇಳಿಯುವಾಗ ಬೆಕಿರ್ ಎಂದಿನಂತೆ ಜೇಬಿನಿಂದ ಕೀಲಿಕೈ ತೆಗೆದ. ಹಾನಿಫೆ ಅದನ್ನು ಅವನ ಕೈಯಿಂದ ತಗೊಂಡು ಮಗಳಿಗೆ ಕೊಟ್ಟಳು. "ಇವತ್ತು ಇವಳು ಓಡಿಸ್ಲಿ. ನೀವು ನನ್ನ ಜಾಗದಲ್ಲಿ ಕೂತ್ಕೊಳ್ಳಿ, ನಾನು ಹಿಂದೆ ಕೂರ್ತೀನಿ." ಆಯ್ತೆನ್ ಅಪ್ಪನ ಮುಖ ನೋಡಿದಳು, ಅಮ್ಮನ ಮುಖ ನೋಡಿದಳು, ಕಾರು ಹತ್ತಿದಳು.

ಹದಿನಾಲ್ಕು ವರ್ಷದ ತನ್ನ ಕಾರಿನಲ್ಲಿ ಬೆಕಿರ್ ಬಲಗಡೆಯ ಬಾಗಿಲಿನಿಂದ ಒಳಗೆ ಹೋದದ್ದು ಅದೇ ಮೊದಲು. ಸೀಟು ಅವಳ ಮೈಗೆ ತಗ್ಗಿತ್ತು, ಅವನಿಗೆ ಬೇರೆಯವರ ಚಪ್ಪಲಿ ಮೆಟ್ಟಿದಂತಾಯಿತು. ಕಿಟಕಿಯ ಗಾಜಿನ ಮೇಲೆ, ಹಣೆ ತಾಗುವ ಎತ್ತರದಲ್ಲಿ, ಮಬ್ಬು ಕಲೆಯೊಂದು. ಪ್ರತಿ ವಾರ ಕಾರು ತೊಳೆಯುವವನು ತಾನು, ಒಳಗಿನ ಈ ಕಲೆ ಹೇಗೆ ಕಣ್ಣಿಗೆ ಬಿದ್ದಿರಲಿಲ್ಲ? ಮೊದಲ ತಿರುವಿನಲ್ಲಿ ಅವನ ಬಲಗಾಲು ಇಲ್ಲದ ಬ್ರೇಕನ್ನು ಒತ್ತಿತು. "ಅಲ್ಲಿ ಏನೂ ಇಲ್ಲ ಅಪ್ಪ," ಎಂದಳು ಆಯ್ತೆನ್. ಸಿಗ್ನಲ್ಲಿನ ಹತ್ತಿರ ಅವನು, "ಮುಂದೆ ಲಾರಿ, ನಿಧಾನ," ಎಂದ. ಹಿಂದಿನಿಂದ ಹಾನಿಫೆ ಅವನ ಭುಜ ತಟ್ಟಿದಳು. "ರಸ್ತೆ ನೋಡೋಕೆ ಬೇರೆಯವರಿದಾರೆ. ನೀವು ಪಕ್ಕ ನೋಡಿ."

ಕಾರು ರೈನ್ ಸೇತುವೆ ಏರಿತು. ನಲವತ್ತಮೂರು ವರ್ಷ, ಎಷ್ಟು ಸಾವಿರ ಸಲ ಈ ಸೇತುವೆ ದಾಟಿದ್ದಾನೆ, ಲೆಕ್ಕವಿಲ್ಲ. ಅವನು ಕುತ್ತಿಗೆ ತಿರುಗಿಸಿದ. ಕೀಲು ಹಿಡಿದ ಬಾಗಿಲಿನಂತೆ ಅದು ನಿಧಾನವಾಗಿ ತಿರುಗಿತು. ಕೆಳಗೆ ನದಿ ಇತ್ತು. ನದಿ ಇದೆಯೆಂದು ಅವನಿಗೆ ಗೊತ್ತಿತ್ತು, ಇಷ್ಟಿದೆಯೆಂದು ಗೊತ್ತಿರಲಿಲ್ಲ. ಇಷ್ಟು ಅಗಲ, ಇಷ್ಟು ನೀರು, ಅಷ್ಟೂ ಒಟ್ಟಿಗೆ ಒಂದೇ ಕಡೆ ಹೊರಟು. ಬಿಸಿಲು ಅದರ ಮೇಲೆ ತಗಡಿನ ಹಾಗೆ ಬಿದ್ದಿತ್ತು. ಸೇತುವೆಯ ಕೆಳಗಿನಿಂದ ಉದ್ದನೆಯ ಕಪ್ಪು ದೋಣಿಯೊಂದು, ಅದಿರು ತುಂಬಿಕೊಂಡು, ನೀರಿಗೆ ಸಮಸಮ ಮುಳುಗಿ, ಮುಗಿಯುವುದೇ ಇಲ್ಲವೆಂಬಂತೆ ಹೊರಬರುತ್ತಿತ್ತು. ಆ ಅದಿರನ್ನು ಅವನು ಮೂವತ್ತು ವರ್ಷ ಕುಲುಮೆಗೆ ಸುರಿದಿದ್ದ. ಅದು ಹೀಗೆ ನೀರಿನ ಮೇಲೆ, ಇಷ್ಟು ನಿಶ್ಶಬ್ದವಾಗಿ ಬರುತ್ತದೆಂದು ಅವನಿಗೆ ಯಾರೂ ಹೇಳಿರಲಿಲ್ಲ. ದೋಣಿಯ ಹಿಂಭಾಗದಲ್ಲಿ ಒಂದು ಮನೆ, ಪರದೆ ಹಾಕಿದ ಕಿಟಕಿ, ಹೂಕುಂಡ. ಮನೆಯ ಪಕ್ಕ ಒಂದು ಸಣ್ಣ ಕೆಂಪು ಕಾರು, ಬೀದಿ ಬದಿಯಲ್ಲಿ ನಿಲ್ಲಿಸಿದಷ್ಟು ಸಲೀಸಾಗಿ ನದಿಯ ಮೇಲೆ ನಿಂತಿತ್ತು. ಒಬ್ಬ ಹೆಂಗಸು ಹಗ್ಗಕ್ಕೆ ಬಿಳಿ ಹೊದಿಕೆ ಹರವುತ್ತಿದ್ದಳು. ಗಾಳಿಗೆ ಅದು ಉಬ್ಬಿತು. ಅವಳು ಎರಡೂ ಕೈಯಿಂದ ಅದನ್ನು ಹಿಡಿಯಲು ಹೋಗಿ, ನಕ್ಕು, ತಲೆಯೆತ್ತಿ ಸೇತುವೆಯ ಕಡೆ ನೋಡಿದಳು. ಬೆಕಿರನ ಎದೆಯಲ್ಲಿ ಏನೋ ಅಗಲವಾಯಿತು.

"ನಿಲ್ಲಿಸು," ಎಂದ. "ಆಯ್ತೆನ್, ಒಂದು ನಿಮಿಷ ನಿಲ್ಲಿಸಮ್ಮ."

"ಸೇತುವೆ ಮೇಲೆ ನಿಲ್ಸೋಕ್ಕಾಗಲ್ಲ ಅಪ್ಪ! ಹಿಂದೆ ಗಾಡಿಗಳಿವೆ."

ಕಂಬಿಗಳು ಒಂದೊಂದಾಗಿ ಅಡ್ಡ ಬಂದವು. ಬಿಳಿ ಹೊದಿಕೆ ಕಂಡಿತು, ಮರೆಯಾಯಿತು, ಮತ್ತೆ ಕಂಡಿತು. ಆಮೇಲೆ ಬರೀ ಕಂಬಿ, ಆಮೇಲೆ ದಡ, ಆಮೇಲೆ ಒಂದು ಗೋದಾಮಿನ ಗೋಡೆ. ಕೇಳಿದ್ದು ಎಷ್ಟು ಸಣ್ಣದು, ಹೋದದ್ದು ಎಷ್ಟು ದೊಡ್ಡದು! ಅವನು ಗಾಜಿಗೆ ಹಣೆ ಒತ್ತಿದ. ಒತ್ತಿದ್ದು ಸರಿಯಾಗಿ ಆ ಮಬ್ಬು ಕಲೆಯ ಮೇಲೆ ಎಂದು ತಡವಾಗಿ ಗೊತ್ತಾಯಿತು.

ಹಿಂದಿನ ಸೀಟಿನಿಂದ ಹಾನಿಫೆ ಮುಂದೆ ಬಾಗಿದಳು. "ಹೋಗ್ಲಿ ಬಿಡಿ," ಎಂದಳು. "ಬರುವಾಗ ಇನ್ನೊಂದು ಕಡೆ ಸಿಗುತ್ತೆ." ಮತ್ತೆ ಮಗಳ ಕಡೆ ತಿರುಗಿ, "ಆಯ್ತೆನ್, ರಜಾ ಬರೆಸಿಬಿಡೇ. ಕಾರಲ್ಲೇ ಹೋಗೋಣ," ಎಂದಳು.

"ಎಷ್ಟು ದಿನ ಬರೆಸ್ಲಿ?"

"ನಿಮ್ಮಪ್ಪನ್ನ ಕೇಳು."

"ಅಪ್ಪ, ಎಷ್ಟು ದಿನ?"

ಬೆಕಿರನಿಗೆ ಕೇಳಿಸಲಿಲ್ಲ. ಅವನು ಸೀಟುಪಟ್ಟಿ ಎಳೆದುಕೊಂಡು, ಸೊಂಟದ ನೋವನ್ನೂ ಮರೆತು, ಹಿಂದಕ್ಕೆ ತಿರುಗಿ, ಹೆಂಡತಿಯ ಭುಜದ ಆಚೆ ಹಿಂದಿನ ಗಾಜಿನಲ್ಲಿ ಉಳಿದಿದ್ದ ನೀರನ್ನು ನೋಡುತ್ತಿದ್ದ.